ಚಿಗುರಿಗೇ ಕೆಂಪೇರುವ ಕಾಡು

ಮೇಪಲ್ ಮರ ಎಲೆ ಉದುರಿಸುವ ಮುನ್ನ ಕೆಂಪಾಗುತ್ತದೆ. ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಬದಿಯ ಯೇವೂರ್ ಬೆಟ್ಟದ್ದು ಉಲ್ಟಾ ಲೆಕ್ಕ: ಇಲ್ಲಿ ರಂಗು ಬರುವುದು ಚಿಗುರುವಾಗ.

ಫೆಬ್ರವರಿ, ಮಾರ್ಚ್‌ನಲ್ಲಿ ಬೋಳು ಕೊಂಬೆಗಳ ಮೇಲೆ ಮುತ್ತುಗ, ಬೂರುಗ ಹೂಬಿಡುತ್ತವೆ. ಬೆನ್ನಿಗೇ ಸಾಗಡೆ (ಮರಾಠಿಗರ ಕೋಶಿಂಬ) ಕಡುಗೆಂಪು ಚಿಗುರು ತಳೆಯುತ್ತದೆ. ಎಳೆ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಎದ್ದು ಕಾಣುತ್ತದೆ. ಕೆಲವೇ ವಾರ, ಆಮೇಲೆ ಎಲ್ಲ ಹಸಿರು.

ಈ ರಂಗಿಗೆ ಅಡ್ಡಿಯೂ ಉಂಟು. ಮುಂಬೈ ಸುತ್ತಿನ ಬೋಳುಗುಡ್ಡಗಳು ಬೇಗ ಹಸಿರಾಗಲೆಂದು ಹಿಂದೆ ನೆಟ್ಟದ್ದು ಮಧ್ಯ ಅಮೆರಿಕದ ಗ್ಲಿರಿಸಿಡಿಯಾ. ನಮ್ಮ ರೈತರ ಗೊಬ್ಬರದ ಗಿಡವೇ! ಹೊಲದ ಬದುವಿಗೆ ಒಳ್ಳೆಯದು. ಕಾಡಿನಲ್ಲಿ ಒತ್ತಾಗಿ ಬೆಳೆದರೆ ಸ್ಥಳೀಯ ಸಸಿಗಳಿಗೆ ಬಿಸಿಲೇ ಸಿಗದು.

ಅದರ ಬದಲು ಮುತ್ತುಗ, ಸಾಗಡೆ ನೆಡುವವರು ಬೇಸಿಗೆಯಲ್ಲೇ ಗುಂಡಿ ತೋಡಿ, ಜೂನ್ ಮಳೆಗೆ ಕಾಯುತ್ತಾರೆ.