ಕೋಳಿ ಗೊಬ್ಬರ ದನದ ಗೋದಲಿಗೆ ಹೋದ ಕಥೆ

ಕಳೆದ ಬೇಸಿಗೆಯಲ್ಲಿ ಹೈನು ಮಾಡುವ ರೈತರೊಬ್ಬರು ನಮಗೊಂದು ವಿಡಿಯೊ ಕಳಿಸಿ ಕೇಳಿದ್ದರು: "ಸಾರ್, ಅಮೆರಿಕದಲ್ಲಿ ದನಕ್ಕೆ ಕೋಳಿ ಗೊಬ್ಬರ ತಿನ್ನಿಸ್ತಾರಂತೆ, ನಿಜಾನಾ? ಹಿಂಡಿ, ಬೂಸಾ ರೇಟು ನೋಡಿದ್ರೆ ನಾವೂ ಯಾಕೆ ಮಾಡಬಾರದು?" ನಕ್ಕು ಬಿಡುವ ಪ್ರಶ್ನೆಯಲ್ಲ. ಮೂರು ಹಸು ಕಟ್ಟಿಕೊಂಡವರಿಗೆ ಒಂದು ಹಸು ಸತ್ತರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಹಳೆಯ ಕಥೆಯನ್ನು ಹುಡುಕಿ ಓದಿದೆವು.

ವಿಡಿಯೊ ಸುಳ್ಳಲ್ಲ. 1955ರಲ್ಲೇ ಅರ್ಕಾನ್ಸಾ ವಿಶ್ವವಿದ್ಯಾಲಯದವರು ಕೋಳಿ ಶೆಡ್ಡಿನ ಗೊಬ್ಬರ ಪುಡಿ ಮಾಡಿ ಕುರಿಗೂ ಹೋರಿಗೂ ತಿನ್ನಿಸಿ ನೋಡಿದ ಪ್ರಯೋಗ ಪ್ರಕಟಿಸಿದ್ದರು. ಕಾರಣ ಸರಳ. ಕೋಳಿಗೆ ಬೇರೆಯಾಗಿ ಮೂತ್ರವಿಲ್ಲ, ಅದರ ಸಾರಜನಕ ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲೇ ಹೋಗುತ್ತದೆ. ನಮಗೆ ಅದು ಕಸ. ಮೆಲುಕು ಹಾಕುವ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ. ಹಂದಿಗಾಗಲಿ ಕೋಳಿಗಾಗಲಿ ಈ ಶಕ್ತಿ ಇಲ್ಲ.

ಆದರೆ ಹಸಿ ಗೊಬ್ಬರದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರುತ್ತವೆ. ವರ್ಜೀನಿಯಾ ಟೆಕ್‌ನಲ್ಲಿ ಜೋಸೆಫ್ ಫಾಂಟೆನೊ ಮತ್ತು ಸಂಗಡಿಗರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದರು. ಎರಡು ದಾರಿ ಬಳಕೆಗೆ ಬಂದವು. ಒಂದು, ತೇವ ಸರಿಮಾಡಿ, ಗಾಳಿಯಾಡದಂತೆ ಒತ್ತಿ, ನಮ್ಮ ಜೋಳದ ರಸಮೇವಿನ ಹಾಗೆ ಹುಳಿ ಬರಿಸುವುದು. ಇನ್ನೊಂದು, ಎತ್ತರದ ರಾಶಿ ಹಾಕಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಕನಿಷ್ಠ ಮೂರು ವಾರ ಬಿಡುವುದು. ರಾಶಿ ತಾನೇ ಕಾದು 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಬರಬೇಕು. ಅದಕ್ಕಿಂತ ಮೇಲೇರಿದರೆ ಗೊಬ್ಬರ ಕಪ್ಪಾಗಿ ಸುಟ್ಟಂತಾಗಿ ದನಕ್ಕೆ ಜೀರ್ಣವಾಗದು. ಹಾಳೆ ಹೊದಿಸುವುದು ಮಳೆಗೆ ಮಾತ್ರವಲ್ಲ, ಗಾಳಿ ತಡೆದು ಬಿಸಿ ಹಿಡಿತದಲ್ಲಿಡಲು.

ಅಷ್ಟು ಮಾಡಿದರೂ ಕುರಿಗಳು ಸತ್ತವು. ಕೋಳಿ ಆಹಾರಕ್ಕೆ ಹಾಕುತ್ತಿದ್ದ ಮೈಲುತುತ್ತದ ತಾಮ್ರ ಗೊಬ್ಬರದಲ್ಲಿ ಉಳಿದು ಕುರಿಯ ಯಕೃತ್ತಿನಲ್ಲಿ ಸೇರಿಕೊಂಡಿತ್ತು. ದನ ಇದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಕುರಿ ತಡೆಯದು. ಬಿಸಿಗೆ ಬಗ್ಗದ ಇನ್ನೊಂದು ಪೀಡೆ ಬೊಟ್ಯುಲಿಸಂ. ಗೊಬ್ಬರದಲ್ಲಿ ಸತ್ತ ಕೋಳಿ ಕೊಳೆತರೆ ವಿಷ ಹುಟ್ಟುತ್ತದೆ, ದನ ಕಾಲು ಸೋತು ಬಿದ್ದು ಉಸಿರು ನಿಂತು ಸಾಯುತ್ತದೆ. ಉತ್ತರ ಐರ್ಲೆಂಡಿನಲ್ಲಿ ಗೊಬ್ಬರ ತಿನ್ನದೆ, ಅದನ್ನು ಚೆಲ್ಲಿದ ಹುಲ್ಲುಗಾವಲಲ್ಲಿ ಮೇದ ದನಗಳಿಗೂ ಇದು ತಗುಲಿದೆ.

ಸರ್ಕಾರದ ನಿಲುವೂ ಹೊಯ್ದಾಡಿತು. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 1967ರಲ್ಲಿ ಒಪ್ಪಿಗೆಯಿಲ್ಲ ಎಂದಿತು, 1980ರಲ್ಲಿ ಆಯಾ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ 1986ರಲ್ಲಿ ಪತ್ತೆಯಾಯಿತು. ದನದ ಮಾಂಸ-ಮೂಳೆ ಪುಡಿಯನ್ನು ದನಕ್ಕೇ ತಿನ್ನಿಸಿದ್ದರ ಫಲ. ಅಮೆರಿಕ 1997ರಲ್ಲಿ ಅದನ್ನು ನಿಲ್ಲಿಸಿದರೂ ಕೋಳಿಗೆ ಆ ಪುಡಿ ಹಾಕಬಹುದಿತ್ತು. ಕೋಳಿ ಚೆಲ್ಲಿದ ಕಾಳು ಗೊಬ್ಬರದ ಜೊತೆ ಮತ್ತೆ ದನದ ಬಾಯಿಗೆ! 2003ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ಹಸುವಿನಲ್ಲಿ ರೋಗ ಕಂಡಾಗ, ಮುಂದಿನ ತಿಂಗಳೇ ಎಫ್‌ಡಿಎ ಕೋಳಿ ಗೊಬ್ಬರ ತಿನ್ನಿಸುವುದನ್ನೂ ನಿಷೇಧಿಸುವುದಾಗಿ ಹೇಳಿತು. 2008ರ ಅಂತಿಮ ನಿಯಮದಲ್ಲಿ ಆ ಮಾತೇ ಇರಲಿಲ್ಲ. ದನದ ಮಿದುಳು, ಬೆನ್ನುಹುರಿಯನ್ನು ಮೇವಿನಿಂದ ತೆಗೆದರೆ ಸಾಕೆಂದರು. ನಮಗೇನೋ ಆ ಸಮಾಧಾನ ಪೂರ್ತಿ ಒಪ್ಪಿಗೆಯಾಗಲಿಲ್ಲ.

ವಿಡಿಯೊ ಕಳಿಸಿದ ರೈತರಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆವು. ಕೋಳಿಗೆ ಯಾವ ಔಷಧಿ ಹಾಕಿದ್ದಾರೆ, ಶೆಡ್ಡಿನಲ್ಲಿ ಸತ್ತ ಕೋಳಿ ಎಷ್ಟು ಎಂದು ಗೊಬ್ಬರದ ಲಾರಿಯವನಿಗೆ ಗೊತ್ತಿರುತ್ತದೆಯೇ ಎಂದು ಕೇಳಿದೆವು. "ಅವ್ನಿಗೆ ಲೋಡಿನ ರೇಟು ಬಿಟ್ರೆ ಏನೂ ಗೊತ್ತಿಲ್ಲ" ಎಂದರು. ಗೊಬ್ಬರವನ್ನು ರಾಗಿ ಹೊಲಕ್ಕೇ ಹಾಕಿಸಿ, ಉಳಿದ ರಾಶಿಗೆ ಕರುಗಳು ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿದ್ದಾರೆ.