ಮೇಸ್ತ್ರಿಯಿಂದ ಸೂಪರ್‌ವೈಸರ್‌ವರೆಗೆ: ಒಂದು ಹುದ್ದೆಯ ಚರಿತ್ರೆ



ಕೈಗಾರಿಕಾ ಕ್ರಾಂತಿಯ ಪಾಠವನ್ನು ನೀವೆಲ್ಲರೂ ಓದಿದ್ದೀರಿ. ಆ ಪಾಠದಲ್ಲಿ ಹಬೆಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟ್ ಬರುತ್ತಾನೆ. ಬಂಡವಾಳ ಹೂಡಿದ ಮಾಲೀಕರೂ, ಮುಷ್ಕರ ನಡೆಸಿದ ಕಾರ್ಮಿಕರೂ ಬರುತ್ತಾರೆ. ಆದರೆ ಮಾಲೀಕನ ಆಜ್ಞೆಯನ್ನು ಕಾರ್ಮಿಕನಿಗೂ ಕಾರ್ಮಿಕನ ಕಷ್ಟವನ್ನು ಮಾಲೀಕನಿಗೂ ಮುಟ್ಟಿಸುತ್ತ, ದಿನವಿಡೀ ಯಂತ್ರಗಳ ನಡುವೆ ಓಡಾಡಿದ ಒಬ್ಬ ವ್ಯಕ್ತಿಯ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಏನನ್ನೂ ಹೇಳುವುದಿಲ್ಲ. ಅವನೇ ಮೇಸ್ತ್ರಿ. ಕಾಲಕ್ರಮದಲ್ಲಿ ಅವನು ಫೋರ್‌ಮನ್ ಆದ, ಚಾರ್ಜ್‌ಮನ್ ಆದ, ಸೂಪರ್‌ವೈಸರ್ ಆದ. ಹೆಸರು ಬದಲಾದಂತೆ ಅವನ ಅಧಿಕಾರವೂ ಹೊಣೆಯೂ ಬದಲಾದವು. ಆ ಬದಲಾವಣೆಯ ಕಥೆಯನ್ನು ಇಲ್ಲಿ ನೋಡೋಣ.

ಮೊದಲು ಪದವನ್ನೇ ಗಮನಿಸಿ. ‘ಮೇಸ್ತ್ರಿ’ ಎಂಬುದು ಅಚ್ಚಗನ್ನಡದ ಮಾತೆಂದು ನಮಗೆ ಅನ್ನಿಸುತ್ತದೆ. ಗಾರೆ ಕೆಲಸದ ಮೇಸ್ತ್ರಿ, ಕಾಫಿ ತೋಟದ ಮೇಸ್ತ್ರಿ ಎಂದು ದಿನನಿತ್ಯ ಬಳಸುತ್ತೇವೆ. ಆದರೆ ಇದರ ಮೂಲ ಪೋರ್ಚುಗೀಸ್ ಭಾಷೆಯ ‘ಮೆಸ್ತ್ರೆ’ ಎಂಬ ಪದ. ಅದರ ಅರ್ಥ ಗುರು, ಕೆಲಸದಲ್ಲಿ ಪಳಗಿದವನು. ಆಳುಗಳ ಮೇಲೆ ಅಧಿಕಾರ ನಡೆಸುವವನು ಎಂಬ ಅರ್ಥಕ್ಕಿಂತ ಮೊದಲು ಕೆಲಸ ಕಲಿಸುವವನು ಎಂಬ ಅರ್ಥ ಆ ಪದದಲ್ಲಿದೆ. ಈ ಮಾತನ್ನು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಗಿರಣಿಯ ಬಾಗಿಲಲ್ಲಿ

1854ರಲ್ಲಿ ಮುಂಬಯಿಯಲ್ಲಿ ಕಾವಸ್‌ಜಿ ದಾವರ್ ಅವರ ಹತ್ತಿ ಗಿರಣಿಯ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಗಿರಣಿಗಳ ಸಂಖ್ಯೆ ಬೆಳೆಯಿತು. ಸಾವಿರಾರು ಜನ ಕೊಂಕಣದಿಂದ, ಘಟ್ಟದ ಮೇಲಿನ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಬಂದರು. ಮಾಲೀಕರಿಗೆ ಇವರ ಪರಿಚಯವಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್‌ನಿಂದ ಬಂದ ತಂತ್ರಜ್ಞರಿಗೆ ಇವರ ಭಾಷೆಯೂ ಬರುತ್ತಿರಲಿಲ್ಲ. ಹಾಗಾದರೆ ಕೆಲಸಕ್ಕೆ ಆಳುಗಳನ್ನು ಆರಿಸುವವರು ಯಾರು? ಅವರಿಂದ ಕೆಲಸ ತೆಗೆಯುವವರು ಯಾರು? ಇದಕ್ಕೆ ಸಿಕ್ಕ ಉತ್ತರವೇ ‘ಜಾಬರ್’.

ಇದೇ ಮನುಷ್ಯನನ್ನು ಬಂಗಾಳದ ಸೆಣಬಿನ ಗಿರಣಿಗಳಲ್ಲಿ ಸರ್ದಾರ ಎಂದೂ ದಕ್ಷಿಣದಲ್ಲಿ ಮೇಸ್ತ್ರಿ ಎಂದೂ ಕರೆಯುತ್ತಿದ್ದರು. ಮುಂಬಯಿಯಲ್ಲಿ ಹೆಂಗಸರ ತಂಡಗಳ ಮೇಲೆ ‘ನಾಯಕಿಣ್’ ಎಂಬ ಮುಖ್ಯಸ್ಥೆ ಇರುತ್ತಿದ್ದಳು. 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯಂಥ ಕಡೆಗಳಲ್ಲೂ ಮೇಸ್ತ್ರಿಯ ಮೂಲಕವೇ ಜನ ಕೆಲಸಕ್ಕೆ ಸೇರುತ್ತಿದ್ದ ಕಾಲವಿತ್ತು.

ಜಾಬರನ ಅಧಿಕಾರ ಎಷ್ಟಿತ್ತೆಂಬುದನ್ನು ಊಹಿಸಿಕೊಳ್ಳಿ. ಬೆಳಗ್ಗೆ ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಗಾರರು ಗುಂಪುಗೂಡಿ ನಿಂತಿರುತ್ತಾರೆ. ಅಂದು ಗೈರುಹಾಜರಾದವರ ಜಾಗಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂಬುದನ್ನು ಜಾಬರ್ ನಿರ್ಧರಿಸುತ್ತಾನೆ. ಕೆಲಸ ಕೊಡುವವನು ಅವನೇ, ಯಂತ್ರ ಹಂಚುವವನು ಅವನೇ, ರಜೆ ಕೊಡುವವನು ಅವನೇ, ಕೆಲಸದಿಂದ ತೆಗೆಯುವವನೂ ಅವನೇ. ಊರಿನಿಂದ ಬಂದ ಹುಡುಗನಿಗೆ ಚಾಳಿನಲ್ಲಿ ಮಲಗಲು ಜಾಗ, ದಿನಸಿ ಅಂಗಡಿಯಲ್ಲಿ ಸಾಲ, ಕಾಯಿಲೆ ಬಿದ್ದರೆ ಕೈಗಡ ಇವೆಲ್ಲವೂ ಅವನ ಮೂಲಕವೇ ದೊರೆಯಬೇಕು. ಈ ಉಪಕಾರಕ್ಕೆ ಪ್ರತಿಯಾಗಿ ಕಾರ್ಮಿಕನು ತನ್ನ ಕೂಲಿಯಲ್ಲಿ ಒಂದು ಪಾಲನ್ನು ‘ದಸ್ತೂರಿ’ ಎಂದು ಒಪ್ಪಿಸಬೇಕಾಗುತ್ತಿತ್ತು. ಕೊಡದಿದ್ದವನಿಗೆ ಮರುದಿನ ಯಂತ್ರ ಸಿಗುತ್ತಿರಲಿಲ್ಲ.

ಜಾಬರ್ ಕೇವಲ ದುಷ್ಟನೇ? ಹಾಗೆಂದು ತೀರ್ಮಾನಿಸುವುದು ಸರಿಯಾಗದು. ತನ್ನ ಕೇರಿಯ ಜನರ ನಂಬಿಕೆ ಕಳೆದುಕೊಂಡರೆ ಅವನಿಗೆ ಆಳುಗಳು ಸಿಗುತ್ತಿರಲಿಲ್ಲ. ಆಳುಗಳು ಸಿಗದಿದ್ದರೆ ಅವನ ಹುದ್ದೆಯೂ ಉಳಿಯುತ್ತಿರಲಿಲ್ಲ. ಆದ್ದರಿಂದ ಕೆಲವೊಮ್ಮೆ ಮುಷ್ಕರದಲ್ಲಿ ಅವನು ಕಾರ್ಮಿಕರ ಪರವಾಗಿಯೇ ನಿಂತದ್ದುಂಟು. ಆದರೆ ಅವನ ಅಧಿಕಾರಕ್ಕೆ ಲೆಕ್ಕ ಕೇಳುವವರಿರಲಿಲ್ಲ. ದೋಷ ಇದ್ದದ್ದು ಅಲ್ಲಿ.

1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗವು 1931ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಅಧ್ಯಕ್ಷರ ಹೆಸರಿನಿಂದ ಇದನ್ನು ವಿಟ್ಲೆ ಆಯೋಗವೆಂದೂ ಕರೆಯುತ್ತಾರೆ. ನೇಮಕ ಮಾಡುವ ಮತ್ತು ತೆಗೆದುಹಾಕುವ ಅಧಿಕಾರವನ್ನು ಜಾಬರನಿಂದ ಹಿಂತೆಗೆದುಕೊಂಡು, ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು ಆಯೋಗ ಶಿಫಾರಸು ಮಾಡಿತು. 1935ರಲ್ಲಿ ಮುಂಬಯಿಯ ಗಿರಣಿ ಮಾಲೀಕರು ಬದಲಿ ಕೆಲಸಗಾರರನ್ನು ಪಟ್ಟಿಯ ಪ್ರಕಾರ ತೆಗೆದುಕೊಳ್ಳುವ ಯೋಜನೆಯನ್ನು ಆರಂಭಿಸಿದರು. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆಗಳ ಕಾಯಿದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು ವಿಧಿಸಿತು. ಹೀಗೆ ಹಳೆಯ ಮೇಸ್ತ್ರಿಯ ಕೈಯಲ್ಲಿದ್ದ ಕೆಲಸಗಳು ಒಂದೊಂದಾಗಿ ಕಚೇರಿಗೆ ಹೋದವು.

ಒಬ್ಬನ ಬದಲು ಎಂಟು ಮಂದಿ

ಇದೇ ಕಾಲದಲ್ಲಿ ಅಮೆರಿಕದಲ್ಲಿ ಏನು ನಡೆಯುತ್ತಿತ್ತು? 1878ರಲ್ಲಿ ಫಿಲಡೆಲ್ಫಿಯದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಫ್ರೆಡರಿಕ್ ಟೇಲರ್ ಎಂಬ ತರುಣ ಕೂಲಿಯಾಗಿ ಸೇರಿದ. ಲೇತ್ ಯಂತ್ರದಲ್ಲಿ ದುಡಿದು ಅದೇ ವಿಭಾಗದ ತಂಡದ ಮುಖ್ಯಸ್ಥನಾದ. ನಿನ್ನೆಯವರೆಗೆ ಜೊತೆಯಲ್ಲಿ ದುಡಿದವರು ಅವನ ಬಳಿ ಬಂದು, ಕೆಲಸದ ವೇಗವನ್ನು ಹೆಚ್ಚಿಸುವುದಿಲ್ಲ ತಾನೇ ಎಂದು ಕೇಳಿದರು. ತಾನೀಗ ಬೇಲಿಯ ಆಚೆ ಬದಿಗೆ ಬಂದಿರುವುದಾಗಿ ಟೇಲರ್ ನೇರವಾಗಿ ತಿಳಿಸಿದ. ಮುಂದೆ ಎರಡು ಮೂರು ವರ್ಷ ಅವರೊಡನೆ ಅವನ ಜಗಳ ನಡೆಯಿತು. ಉತ್ಪಾದನೆ ಹೆಚ್ಚಿತು, ಆದರೆ ಸ್ನೇಹ ಉಳಿಯಲಿಲ್ಲ. ಆ ಜೀವನ ಬಾಳುವಂಥದ್ದಲ್ಲವೆಂದು ಅವನೇ ಮುಂದೆ ಹೇಳಿಕೊಂಡ.

ಈ ಅನುಭವದಿಂದ ಟೇಲರ್ ಒಂದು ತೀರ್ಮಾನಕ್ಕೆ ಬಂದ. ಒಬ್ಬ ಫೋರ್‌ಮನ್ ಯಂತ್ರದ ವೇಗ, ಸರಕಿನ ಗುಣಮಟ್ಟ, ದುರಸ್ತಿ, ಲೆಕ್ಕ, ಶಿಸ್ತು ಎಲ್ಲವನ್ನೂ ಬಲ್ಲವನಾಗಿರಲು ಸಾಧ್ಯವಿಲ್ಲ. ಆದ್ದರಿಂದ ಆ ಕೆಲಸವನ್ನು ಎಂಟು ಭಾಗ ಮಾಡಬೇಕು. ನಾಲ್ವರು ಯೋಜನಾ ಕೊಠಡಿಯಲ್ಲಿ, ನಾಲ್ವರು ಯಂತ್ರಗಳ ಬಳಿ. 1903ರ ತನ್ನ ಬರಹದಲ್ಲಿ ಅವನು ಈ ಏರ್ಪಾಡನ್ನು ವಿವರಿಸಿದ. ಆದರೆ ಒಬ್ಬ ಕಾರ್ಮಿಕನಿಗೆ ಎಂಟು ಜನ ಯಜಮಾನರಾದರೆ ಯಾರ ಮಾತನ್ನು ಕೇಳಬೇಕು? ಈ ಏರ್ಪಾಡನ್ನು ಪೂರ್ತಿಯಾಗಿ ಅಳವಡಿಸಿಕೊಂಡ ಕಾರ್ಖಾನೆಗಳು ತೀರಾ ಕಡಿಮೆ. ಆದರೂ ನೀವು ಯಾವುದಾದರೂ ದೊಡ್ಡ ಕಾರ್ಖಾನೆಗೆ ಭೇಟಿ ಕೊಟ್ಟರೆ ಉತ್ಪಾದನಾ ಯೋಜನೆ, ಗುಣಮಟ್ಟ ಪರೀಕ್ಷೆ, ದುರಸ್ತಿ ಎಂದು ಬೇರೆ ಬೇರೆ ವಿಭಾಗಗಳನ್ನು ಕಾಣುವಿರಿ. ಅವುಗಳಲ್ಲಿ ಟೇಲರನ ಆ ಹಂಚಿಕೆಯ ನೆರಳಿದೆ.

ಹೆನ್ರಿ ಫೋರ್ಡನ ಕಾರ್ಖಾನೆ ಇನ್ನೊಂದು ಪಾಠ ಕಲಿಸಿತು. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಆ ವರ್ಷ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು 52,000ಕ್ಕೂ ಹೆಚ್ಚು ಜನರನ್ನು ನೇಮಿಸಬೇಕಾಯಿತು. ಬಂದವರು ಬಂದಷ್ಟೇ ಬೇಗ ಹೊರಟುಹೋಗುತ್ತಿದ್ದರು. ಕಾರಣಗಳನ್ನು ವಿಚಾರಿಸಿದಾಗ, ದೀರ್ಘ ದುಡಿಮೆ ಮತ್ತು ಕಡಿಮೆ ಕೂಲಿಯ ಜೊತೆಗೆ ಫೋರ್‌ಮನ್‌ಗಳ ಮನಬಂದಂತಹ ನಡವಳಿಕೆಯೂ ಒಂದು ಕಾರಣವೆಂದು ಕಂಡುಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲಸದಿಂದ ತೆಗೆಯುವ ಅಧಿಕಾರವನ್ನು ಅವರಿಂದ ಹಿಂತೆಗೆದುಕೊಳ್ಳಲಾಯಿತು. ಮುಂಬಯಿಯ ಜಾಬರನ ಬಗ್ಗೆ ವಿಟ್ಲೆ ಆಯೋಗ ಹೇಳಿದ್ದೂ ಇದನ್ನೇ ಎಂಬುದನ್ನು ಗಮನಿಸಿ.

ಎರಡೂ ಕಡೆಗೆ ಸೇರದವನು

ಅಧಿಕಾರ ಕಡಿಮೆಯಾಯಿತು, ಹೊಣೆ ಕಡಿಮೆಯಾಯಿತೇ? ಇಲ್ಲ. ಸರಕು ಹೊತ್ತಿಗೆ ಸರಿಯಾಗಿ ಹೊರಬೀಳದಿದ್ದರೆ ಮೇಲಿನವರು ಕೇಳುವುದು ಸೂಪರ್‌ವೈಸರನನ್ನೇ. ಕುಡಿಯುವ ನೀರು ಬರದಿದ್ದರೆ ಕೆಳಗಿನವರು ಕೇಳುವುದೂ ಅವನನ್ನೇ. ಕಾನೂನಿಗೂ ಅವನ ಸ್ಥಾನ ಯಾವುದೆಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಅಮೆರಿಕದಲ್ಲಿ 1941ರಲ್ಲಿ ಫೋರ್‌ಮನ್‌ಗಳು ತಮ್ಮದೇ ಸಂಘ ಕಟ್ಟಿದರು; 1947ರ ಕಾನೂನು ಅವರಿಗೆ ಕಾರ್ಮಿಕ ಸಂಘದ ರಕ್ಷಣೆಯನ್ನು ನಿರಾಕರಿಸಿತು. ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾದಾಗ ಮೇಲ್ವಿಚಾರಣೆಯ ಕೆಲಸ ಮಾಡುವವನೂ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬಂದ. ಆದರೆ ಅವನ ಸಂಬಳ ತಿಂಗಳಿಗೆ 500 ರೂಪಾಯಿ ಮೀರಿದರೆ ಅವನು ಕಾರ್ಮಿಕನಲ್ಲ. 1982ರ ತಿದ್ದುಪಡಿಯಿಂದ ಈ ಮಿತಿ 1,600 ರೂಪಾಯಿಗೂ 2010ರಲ್ಲಿ 10,000 ರೂಪಾಯಿಗೂ ಏರಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 18,000 ರೂಪಾಯಿ ಎಂದು ನಿಗದಿಪಡಿಸಿತು. ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನು ಸಂಬಳದ ಲೆಕ್ಕದಿಂದ ಈಚೆ, ಇನ್ನೊಬ್ಬನು ಆಚೆ! ಅತ್ತ ದರಿ, ಇತ್ತ ಪುಲಿ ಎಂಬ ಗಾದೆ ಈ ಹುದ್ದೆಗೆ ಚೆನ್ನಾಗಿ ಒಪ್ಪುತ್ತದೆ.

ಹುದ್ದೆ ಖಾಲಿಯಾದಾಗ

ಈ ಹುದ್ದೆಗೆ ಇಷ್ಟೊಂದು ಮಹತ್ವ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಭೋಪಾಲದ ದುರಂತವನ್ನು ನೆನಪಿಸಿಕೊಳ್ಳಬೇಕು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಒಂದು ತೊಟ್ಟಿಯೊಳಗೆ ನೀರು ಸೇರಿ, ಮೀಥೈಲ್ ಐಸೊಸಯನೇಟ್ ವಿಷಾನಿಲ ಹೊರಬಂತು. ಸಾವಿರಾರು ಜನ ಸತ್ತರು. ನೀರು ಹೇಗೆ ಸೇರಿತೆಂಬುದರ ಬಗ್ಗೆ ಕಂಪನಿಯೂ ತನಿಖೆ ಮಾಡಿದವರೂ ಬೇರೆ ಬೇರೆ ಮಾತು ಹೇಳಿದ್ದಾರೆ. ಆದರೆ ಕೆಲವು ಸಂಗತಿಗಳು ದಾಖಲಾಗಿವೆ. ಖರ್ಚು ಉಳಿಸಲು ಸಿಬ್ಬಂದಿಯನ್ನು ಕಡಿತ ಮಾಡಲಾಗಿತ್ತು. ರಾತ್ರಿ ಪಾಳಿಯ ದುರಸ್ತಿ ಮೇಲ್ವಿಚಾರಕನ ಹುದ್ದೆಯನ್ನು ದುರಂತಕ್ಕೆ ಕೆಲವೇ ದಿನಗಳ ಹಿಂದೆ ತೆಗೆದುಹಾಕಲಾಗಿತ್ತು. ತೊಟ್ಟಿಯನ್ನು ತಂಪಾಗಿಡಬೇಕಾದ ಯಂತ್ರ ತಿಂಗಳುಗಳಿಂದ ನಿಂತಿತ್ತು. ಆ ರಾತ್ರಿ ಸುಮಾರು ಹನ್ನೊಂದೂವರೆಗೆ ಕೆಲಸಗಾರರ ಕಣ್ಣು ಉರಿಯತೊಡಗಿತು. ಸೋರಿಕೆಯ ಸುದ್ದಿ ಮೇಲ್ವಿಚಾರಕನಿಗೆ ಮುಟ್ಟಿತು. ಚಹಾ ಮುಗಿದ ಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಚಹಾ ಮುಗಿಯುವ ಹೊತ್ತಿಗೆ ಕಾಲ ಮಿಂಚಿತ್ತು.

2010ರ ಜೂನ್‌ನಲ್ಲಿ ಭೋಪಾಲದ ನ್ಯಾಯಾಲಯ ತೀರ್ಪು ನೀಡಿತು. ಭಾರತದ ಕಂಪನಿಯ ಅಧ್ಯಕ್ಷರಿಂದ ಹಿಡಿದು ಪಾಳಿಯ ಉಸ್ತುವಾರಿ ಹೊತ್ತವರವರೆಗೆ ಶಿಕ್ಷೆಯಾಯಿತು. ಹುದ್ದೆಗಳನ್ನು ಕಡಿತ ಮಾಡುವ ಅಧಿಕಾರ ಪಾಳಿಯಲ್ಲಿದ್ದವರಿಗೆ ಇರಲಿಲ್ಲ. ಸೋರಿಕೆಯ ವಾಸನೆ ಬಂದಾಗ ಅಧ್ಯಕ್ಷರು ಅಲ್ಲಿರಲಿಲ್ಲ. ಆದರೂ ಇಬ್ಬರೂ ಒಂದೇ ಮೊಕದ್ದಮೆಯಲ್ಲಿ ನಿಂತರು. ಯಾರ ತಪ್ಪು ಎಷ್ಟು? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ಅಪಾಯವನ್ನು ಮೊದಲು ಕಾಣುವವನು ಕೆಳಗಿನ ಮೇಲ್ವಿಚಾರಕ. ಯಂತ್ರ ನಿಲ್ಲಿಸುವ ಅಧಿಕಾರ, ಮೇಲಿನವರಿಗೆ ನಿರ್ಭಯವಾಗಿ ಹೇಳುವ ದಾರಿ ಮತ್ತು ತಡಮಾಡದೆ ನಡೆದುಕೊಳ್ಳುವ ತರಬೇತಿ ಈ ಮೂರೂ ಅವನಿಗೆ ಇರಬೇಕು.

ಕಲಿಸುವವನು

ಆ ತರಬೇತಿ ಹೇಗಿರಬೇಕು? ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಈ ಪ್ರಶ್ನೆ ಎದುರಾಯಿತು. ಅನುಭವಿಗಳು ಸೈನ್ಯ ಸೇರಿದ್ದರು. ಎಂದೂ ಯಂತ್ರ ಮುಟ್ಟದವರು, ಅವರಲ್ಲಿ ಅನೇಕ ಮಹಿಳೆಯರು, ಕೆಲಸಕ್ಕೆ ಬಂದರು. 1940ರಲ್ಲಿ ಅಲ್ಲಿನ ಸರ್ಕಾರ ‘ಉದ್ಯಮದೊಳಗಿನ ತರಬೇತಿ’ ಎಂಬ ಯೋಜನೆಯನ್ನು ಆರಂಭಿಸಿತು. ಮೇಲ್ವಿಚಾರಕನಿಗೆ ಐದು ಸಂಗತಿಗಳು ಬೇಕೆಂದು ಅದು ಗುರುತಿಸಿತು: ಕೆಲಸದ ಜ್ಞಾನ, ಹೊಣೆಗಳ ಅರಿವು, ಕಲಿಸುವ ಕೌಶಲ, ವಿಧಾನವನ್ನು ಸುಧಾರಿಸುವ ಕೌಶಲ, ಜನರೊಡನೆ ನಡೆದುಕೊಳ್ಳುವ ಕೌಶಲ. ಕಲಿಸುವುದಕ್ಕೂ ನಾಲ್ಕು ಹೆಜ್ಜೆಗಳಿದ್ದವು. ಮೊದಲು ಕಲಿಯುವವನ ಅಳುಕು ಕಳೆಯಬೇಕು; ಬಳಿಕ ಕೆಲಸವನ್ನು ಮಾಡಿ ತೋರಿಸಿ ವಿವರಿಸಬೇಕು; ಆಮೇಲೆ ಅವನಿಂದಲೇ ಮಾಡಿಸಬೇಕು; ಕೊನೆಗೆ ಅವನನ್ನು ಬಿಟ್ಟು, ಆಗಾಗ ಬಂದು ನೋಡಬೇಕು. ಕಲಿಯುವವನಿಗೆ ಬಾರದಿದ್ದರೆ ತಪ್ಪು ಕಲಿಸಿದವನದು ಎಂಬುದು ಆ ತರಬೇತಿಯ ಮೂಲ ನಿಲುವು. 1945ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನ ಈ ತರಬೇತಿ ಪಡೆದಿದ್ದರು.

ಯುದ್ಧ ಮುಗಿದೊಡನೆ ಅಮೆರಿಕ ಈ ಯೋಜನೆಯನ್ನು ನಿಲ್ಲಿಸಿತು. ಆದರೆ ಸೋತ ಜಪಾನ್ ಅದನ್ನು 1950ರ ದಶಕದಲ್ಲಿ ಆಸಕ್ತಿಯಿಂದ ಕಲಿತುಕೊಂಡಿತು. ಟೊಯೋಟಾ ಕಂಪನಿಯಲ್ಲಿ ಅದು ಬೇರೂರಿತು. ಅಲ್ಲಿ ಕೆಲಸಗಾರನು ದೋಷ ಕಂಡರೆ ಪಕ್ಕದ ಹಗ್ಗ ಎಳೆಯುತ್ತಾನೆ. ತಂಡದ ಮುಖ್ಯಸ್ಥ ತಕ್ಷಣ ಅಲ್ಲಿಗೆ ಬರುತ್ತಾನೆ. ನಿಗದಿತ ಹೊತ್ತಿನೊಳಗೆ ಸರಿಯಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಬರುವವನು ಬೈಯಲು ಬರುವುದಿಲ್ಲ, ನೆರವಾಗಲು ಬರುತ್ತಾನೆ ಎಂಬ ನಂಬಿಕೆ ಇಲ್ಲದಿದ್ದರೆ ಯಾರೂ ಹಗ್ಗ ಎಳೆಯುವುದಿಲ್ಲ. ಈ ಪದ್ಧತಿ ನಮ್ಮ ನಾಡಿಗೂ ಬಂದಿದೆ. 1997ರಲ್ಲಿ ಸ್ಥಾಪನೆಯಾದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 2007ರಲ್ಲಿ ಅಲ್ಲಿಯೇ ಒಂದು ತಾಂತ್ರಿಕ ತರಬೇತಿ ಶಾಲೆಯನ್ನು ತೆರೆಯಿತು.

ಆದರೆ ಜಾಬರನ ಕಾಲ ಪೂರ್ತಿಯಾಗಿ ಮುಗಿದಿದೆ ಎಂದುಕೊಳ್ಳಬೇಡಿ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಗಂಟೆಗೆ ಇಷ್ಟು ಉಡುಪು ಎಂಬ ಗುರಿ ಮೇಲಿನಿಂದ ಬರುತ್ತದೆ. ಗುರಿ ತಪ್ಪಿದರೆ ಸೂಪರ್‌ವೈಸರ್ ಬೈಗುಳ ತಿನ್ನುತ್ತಾನೆ. ಅದೇ ಬೈಗುಳ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ ಇನ್ನಷ್ಟು ಕಟುವಾಗಿ ಇಳಿಯುತ್ತದೆ. ಇಂಥ ದೂರುಗಳನ್ನು ಕಾರ್ಮಿಕ ಸಂಘಟನೆಗಳು ಮತ್ತೆ ಮತ್ತೆ ಎತ್ತಿವೆ. ಗುರಿಯನ್ನು ಮುಟ್ಟಿಸುವ ಹೊಣೆಯನ್ನು ಮಾತ್ರ ಕೊಟ್ಟು, ಕಲಿಸುವ ಸಮಯವನ್ನೂ ನಿಲ್ಲಿಸುವ ಅಧಿಕಾರವನ್ನೂ ಕೊಡದಿದ್ದರೆ, ಒಳ್ಳೆಯವನೂ ಗದರಿಸುವವನಾಗುತ್ತಾನೆ.

ವಿದ್ಯಾರ್ಥಿಗಳೇ, ಐ.ಟಿ.ಐ., ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ನಿಮ್ಮಲ್ಲಿ ಅನೇಕರು ಇದೇ ಹುದ್ದೆಗೆ ಹೋಗುವಿರಿ. ಮೊದಲ ದಿನವೇ ನಿಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಕೆಲಸಗಾರರ ಮುಂದೆ ನಿಲ್ಲಬೇಕಾದೀತು. ಆಗ ಈ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಲೆಕ್ಕ ಕೇಳುವವರಿಲ್ಲದ ಅಧಿಕಾರ ಜಾಬರನನ್ನು ಕೆಡಿಸಿತು. ಅಧಿಕಾರವಿಲ್ಲದ ಹೊಣೆ ಮುಂದಿನವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಎರಡೂ ಸರಿಸಮವಾಗಿ ಇದ್ದು, ಜೊತೆಗೆ ಕಲಿಸುವ ಮನಸ್ಸೂ ಇದ್ದಲ್ಲಿ ಕೆಲಸವೂ ನಡೆಯಿತು, ಜೀವವೂ ಉಳಿಯಿತು. ಮೇಸ್ತ್ರಿ ಎಂಬ ಪದದ ಮೂಲ ಅರ್ಥ ಗುರು ಎಂದು ಮೊದಲೇ ಹೇಳಿದೆನಲ್ಲವೇ? ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಾರ್ಖಾನೆಯಲ್ಲಿ ದುಡಿದವರಿದ್ದರೆ, ಅವರಿಗೆ ಕೆಲಸ ಕಲಿಸಿದವರು ಯಾರು, ಹೇಗೆ ಕಲಿಸಿದರು ಎಂದು ಕೇಳಿ ಬರೆದಿಡಿ. ಪಠ್ಯಪುಸ್ತಕದಲ್ಲಿ ಇಲ್ಲದ ಚರಿತ್ರೆಯ ಒಂದು ಪುಟ ನಿಮ್ಮ ಕೈಯಲ್ಲಿರುತ್ತದೆ.