ಗಂಧದ ಹಡಗು, ಕ್ಯಾಂಟನ್ನಿನ ಹೊಸ್ತಿಲು

ಸಾಂಗಲಿಯ ಅರಿಸಿನ ಪೇಟೆಯನ್ನು ಬಲ್ಲ ನಮಗೆ, ಸರಕಿಗಿಂತ ಮೊದಲು ನಂಬಿಕೆ ಬೇಕೆಂಬುದು ಹೊಸ ಮಾತಲ್ಲ. ಮೈಸೂರು ಸೀಮೆಯ ಗಂಧವು ಕ್ಯಾಂಟನ್ನಿಗೆ ಸಾಗುತ್ತಿದ್ದ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯೂ ಈ ಪಾಠವನ್ನು ಕಲಿಯಬೇಕಾಯಿತು. 1757ರ ಆಜ್ಞೆಯ ಮೇಲೆ ಪಾಶ್ಚಾತ್ಯರ ಕಡಲ ವ್ಯಾಪಾರಕ್ಕೆ ಅದೊಂದೇ ರೇವು. ಅಲ್ಲಿಯೂ ಸನ್ನದು ಪಡೆದ ಹಾಂಗ್ ವರ್ತಕರೊಡನೆಯೇ ವ್ಯವಹಾರ. ಪರದೇಶಿಯ ಸುಂಕಕ್ಕೂ ನಡತೆಗೂ ಆ ವರ್ತಕನೇ ಹೊಣೆ. ನಿಯಮದಂತೆ ಕಂಪನಿಯವರು ಮಡದಿಯರನ್ನು ಮಕಾವಿನಲ್ಲಿ ಬಿಟ್ಟು ಬರುತ್ತಿದ್ದರು. ವ್ಯಾಪಾರದ ಋತು ಮುಗಿದೊಡನೆ ತಾವೂ ಅಲ್ಲಿಗೆ ಮರಳುತ್ತಿದ್ದರು.

1793ರಲ್ಲಿ ಮೆಕಾರ್ಟ್ನಿ ಪ್ರಭುವು ಸಾಷ್ಟಾಂಗ ಪದ್ಧತಿಗೆ ಒಪ್ಪದೆ ಒಂದೇ ಮೊಣಕಾಲೂರಿದನು. ಅವನ ಬೇಡಿಕೆಗಳು ಈಡೇರಲಿಲ್ಲ. ಮೊಣಕಾಲೊಂದೇ ಅದಕ್ಕೆ ಕಾರಣವಲ್ಲ. ಚಕ್ರವರ್ತಿಯ ದೃಷ್ಟಿಯಲ್ಲಿ ವ್ಯಾಪಾರವು ಹಕ್ಕಾಗಿರಲಿಲ್ಲ, ಅನುಗ್ರಹವಾಗಿತ್ತು.

ಅಫೀಮಿನ ಯುದ್ಧದ ಬಳಿಕ, 1842ರ ನಾಂಕಿಂಗ್ ಒಪ್ಪಂದವು ಹಾಂಗ್ ವರ್ತಕರ ಏಕಸ್ವಾಮ್ಯವನ್ನು ಮುರಿಯಿತು. ತೋಪಿನಿಂದ ಬಾಗಿಲು ತೆರೆದುದು ನಿಜ. ಆದರೆ ಹೊಸ್ತಿಲು ಮುರಿದು ಒಳಹೊಕ್ಕವನಿಗೆ ಅತಿಥಿಯ ಮರ್ಯಾದೆ ಎಲ್ಲಿಯದು?